ಮೇಣೆಯೊಳಗಿನ ಪ್ರಯಾಗಬಾಯಿ

ನಿಲಂಗಾದ ಪೇಟೆ ಬೀದಿಯಲ್ಲಿ ಪ್ರಯಾಗಬಾಯಿ ನಡೆದು ಬಂದರೆ ಎದುರಿನ ಗಾಡಿಯವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದರು. ಹೆದರಿ ಅಲ್ಲ, ಬೀದಿಯ ಅಗಲ ನೋಡಿ. ದಾಳಿಂಬವೆಂಬ ಊರಿನ ತವರಿನಿಂದ ಬಂದಾಗ ಕಡ್ಡಿಯ ಹಾಗಿದ್ದ ಹುಡುಗಿ, ಗಂಡ ಕಲ್ಯಾಣಪ್ಪನ ಹೊಲದ ಜೋಳ, ಮನೆಯ ಎಮ್ಮೆಯ ಬೆಣ್ಣೆ ಎಲ್ಲವನ್ನೂ ಸಂತೋಷದಿಂದ ಮೈಗೆ ಹತ್ತಿಸಿಕೊಂಡಿದ್ದಳು. ಅಷ್ಟು ದೊಡ್ಡ ಮೈಯವಳ ಕೈ ಮಾತ್ರ ಬಲು ನಯ. ಹಳೆಯ ಸೀರೆ, ಧೋತರಗಳನ್ನು ಪದರ ಹಾಕಿ ಅವಳು ಹೊಲಿದ ಕೌದಿಯ ಮೇಲೆ ಹೊಲಿಗೆಯ ಸಾಲುಗಳು ಬಿತ್ತಿದ ಹೊಲದ ಹಾಗೆ ನೆಟ್ಟಗೆ ಓಡುತ್ತಿದ್ದವು.

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಊರಿಗೆ ಹೆಸರು ತಂದದ್ದು ಇಮಾಮಸಾಹೇಬರ ಮೇಣೆ ಕಾರಖಾನೆ. ಜಹಗೀರದಾರರ ವಾಡೆಗಳಿಗೆ, ಹೈದರಾಬಾದಿನ ದೊಡ್ಡ ಮನೆತನಗಳಿಗೆ ಇಲ್ಲಿಂದಲೇ ಪರದೆ ಕಟ್ಟಿದ ಪಲ್ಲಕ್ಕಿಯಂಥ ಮೇಣೆಗಳು ಹೋಗುತ್ತಿದ್ದವು. ಊರ ಬಡಿಗರು ಸಾಗುವಾನಿಯಲ್ಲಿ ಹೂಬಳ್ಳಿ ಕೆತ್ತುತ್ತಿದ್ದರು. ಹೊರುವ ಕೋಲಿನ ತುದಿಗೆ ಕಂಚುಗಾರರು ಹುಲಿಮುಖ ಎರೆಯುತ್ತಿದ್ದರು. ಒಳಗಿನ ಗಾದಿ ಮಾತ್ರ ಪಟ್ಟಣದಿಂದ ಬರುತ್ತಿತ್ತು, ಸಾಹೇಬರ ಮಾನ ಹೋಗುತ್ತಿದ್ದದ್ದೂ ಅದರಿಂದಲೇ. ಎರಡು ಹರದಾರಿ ನಡೆಯುವುದರೊಳಗೆ ಹತ್ತಿಯೆಲ್ಲ ಒಂದು ಮೂಲೆಗೆ ಹೋಗಿ ಗಡ್ಡೆ ಕಟ್ಟುತ್ತಿತ್ತು. ಒಬ್ಬ ಜಹಗೀರದಾರರ ಅತ್ತೆ ಮೇಣೆಯಿಂದ ಇಳಿದವಳೇ, ಕೂತು ಬಂದೆನೋ ಗುಡ್ಡ ಹತ್ತಿ ಬಂದೆನೋ ಎಂದು ಬೈದು ಮೇಣೆಯನ್ನೇ ಹಿಂದಕ್ಕೆ ಕಳಿಸಿದ್ದಳು.

ಆ ಚಿಂತೆಯಲ್ಲೇ ಒಂದು ದಿನ ಸಾಹೇಬರು ಕಲ್ಯಾಣಪ್ಪನ ಮನೆಯ ಮುಂದೆ ಹಾದು ಹೋಗುವಾಗ ಗೋಡೆಯ ಮೇಲೆ ಒಣಗಲು ಹಾಕಿದ್ದ ಕೌದಿ ಕಣ್ಣಿಗೆ ಬಿತ್ತು. ಚಿವುಟಿದರು, ಎಳೆದರು, ತಿರುವಿದರು, ಕೊನೆಗೆ ಕೆಳಗೆ ಹಾಸಿ ಅದರ ಮೇಲೆ ಕುಣಿದರು. ಒಳಗಿಂದ ಬಂದ ಕಲ್ಯಾಣಪ್ಪ ಇದನ್ನು ನೋಡಿ ಗಾಬರಿಯಾದ.

“ಸಾಹೇಬ್ರ, ನಮ್ಮ ಕೌದಿ ಏನ್ ತಪ್ಪ ಮಾಡ್ಯದ್ರೀ?”

“ಅರೇ ಕಲ್ಯಾಣಪ್ಪ, ಇದು ಯಾರ ಕೈಕೆಲಸ? ಹೊಲಿಗಿದು ಒಂದ್ ಟಾಕಿ ಸುದಾ ಬಿಚ್ಚಿಲ್ಲ ನೋಡು!”

ಹೀಗೆ ಪ್ರಯಾಗಬಾಯಿಯ ಮನೆಗೆ ಮಖಮಲ್ಲು, ರೇಶಿಮೆ, ಜರಿ ದಾರ ಬಂದವು. ಮಗ್ಗುಲ ಮನೆಯ ಶೇವಂತಾಬಾಯಿಯೂ ಸೂಜಿ ಹಿಡಿದು ಬಂದು ಕುಳಿತಳು. ಅವಳನ್ನು ನೋಡಿ ಓಣಿಯ ಉಳಿದ ಹೆಂಗಸರೂ ಬಂದರು. ಕಲ್ಯಾಣಪ್ಪನಿಗೆ ಮನೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಎಲ್ಲಿ ಕುಳಿತರೂ ಯಾರಾದರೊಬ್ಬರು “ಅಣ್ಣಾ, ಆಚಿ ಸರೀರಿ, ಮಖಮಲ್ಲ ಹೊಲಸಾಗ್ತದ” ಎನ್ನುತ್ತಿದ್ದರು. ತನ್ನ ಮನೆಯ ಕಟ್ಟೆಯ ಮೇಲೆ ತಾನೇ ನೆಂಟನ ಹಾಗೆ ಅಂಚಿಗೆ ಕೂಡುವುದನ್ನು ಅವನು ಕಲಿತ.

ಅಷ್ಟರಲ್ಲಿ ಉದಗೀರಿನ ಒಬ್ಬ ಜಹಗೀರದಾರರ ಬೇಗಮರಿಗೆ ಮೇಣೆ ಬೇಕೆಂದು ಬೇಡಿಕೆ ಬಂತು. ಪರದೆಯೊಳಗಿರುವ ಬೇಗಮರ ಅಳತೆಯನ್ನು ಬಡಿಗ ಹೇಗೆ ತೆಗೆದಾನು? ಅವರ ದಾಸಿಯೊಬ್ಬಳು ಬಂದು ಕೈಯಗಲಿಸಿ “ಇಷ್ಟು” ಎಂದಳು. ಸಾಹೇಬರು ಇನ್ನಷ್ಟು ಬಿಡಿಸಿ ಕೇಳಿದಾಗ ಕೈ ಮತ್ತಷ್ಟು ಅಗಲಿಸಿದಳು. ಅದೇ ಹೊತ್ತಿಗೆ ಗಾದಿ ತಲೆಯ ಮೇಲೆ ಹೊತ್ತು ಪ್ರಯಾಗಬಾಯಿ ಕಾರಖಾನೆಯ ಬಾಗಿಲಲ್ಲಿ ಅಡ್ಡಡ್ಡ ಒಳಗೆ ಬಂದಳು. ದಾಸಿ ಎದ್ದು ನಿಂತು ಕೂಗಿದಳು: “ಬಸ್, ಹೀಂಗೇ! ಒಂದ್ ಎಳಿ ಹೆಚ್ಚಿಲ್ಲ, ಕಡಿಮಿಲ್ಲ!”

ಪ್ರಯಾಗಬಾಯಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಬೇಗಮರ ಹಾಗಿದ್ದೇನೆ ಎಂದರಲ್ಲವೇ ಎಂದು ಹೊಳೆದು ಸೆರಗು ಸರಿಮಾಡಿಕೊಂಡಳು.

ಅಂದಿನಿಂದ ಅವಳಿಗೆ ಮೇಣೆಯಲ್ಲಿ ಕೂಡುವ ಕೆಲಸವೂ ಹತ್ತಿತು. ಬಡಿಗರು ಚೌಕಟ್ಟು ಕಟ್ಟುವುದು, ಇವಳು ಹತ್ತಿ ಕೂತು ತಪ್ಪು ತೆಗೆಯುವುದು. “ಮೊಳಕಾಲ ಬಡೀತದ.” “ಒರಗಿದ್ರ ಕುತ್ತಿಗಿ ಹಿಡೀತದ.” “ಎಲಿ ಅಡಕಿ ಡಬ್ಬಿ ಎಲ್ಲಿ ಇಡಬೇಕ, ತಲಿ ಮ್ಯಾಲೇನು?” ಬಡಿಗರು ಗೊಣಗುತ್ತ ಉಳಿ ಎತ್ತಿಕೊಳ್ಳುತ್ತಿದ್ದರು. ಗಂಡನಿಗೆ ಮಾತ್ರ ಅವಳು ಇದನ್ನು ಹೇಳಲಿಲ್ಲ. ಲಿಂಗವಂತರ ಮನೆಯ ಸೊಸೆ ಕಾರಖಾನೆಯಲ್ಲಿ ಮೇಣೆ ಏರಿ ಕೂಡುತ್ತಾಳೆಂದರೆ ಅವನು ಮಠದ ಅಯ್ಯನವರ ತನಕ ಹೋಗುವವನು. ಶೇವಂತಾಬಾಯಿಯ ಮನೆಗೆ ಹೋಗಿ ಬರುತ್ತೇನೆ ಎಂದು ಹೊರಡುತ್ತಿದ್ದಳು.

ಮೇಣೆ ಮುಗಿಯಿತು. ಅದನ್ನು ಹೊತ್ತು ನಡೆದು ನೋಡಬೇಕಲ್ಲ. ಸಾಹೇಬರು ಹೊರುವ ಭೋಯಿಗಳನ್ನು ಕರೆದು, “ಒಳಗ ಖುದ್ದ ಬೇಗಮಸಾಹೇಬ್ರೇ ಕುಂತಾರ ಅಂತ ತಿಳಕೊಂಡು ನಡೀರಿ. ಯಾರ್ ಕೇಳಿದ್ರೂ ಬಾಯಿ ಬಿಡಬ್ಯಾಡ್ರಿ” ಎಂದರು. ಪ್ರಯಾಗಬಾಯಿಗೂ, “ಬಾಯಿ, ನೀವೂ ದನಿ ತೆಗೀಬ್ಯಾಡ್ರಿ, ಪರದಾ ಸರಿಸಬ್ಯಾಡ್ರಿ” ಎಂದರು. ಕೆಂಪು ಪರದೆ ಇಳಿಯಿತು. ಉದಗೀರಿನ ದಾರಿ ಹಿಡಿದು ಹಳ್ಳದ ತನಕ ಹೋಗಿ ತಿರುಗುವುದೆಂದು ಮಾತಾಗಿತ್ತು.

ದಾರಿಯಲ್ಲಿ ಸುಂಕದ ನಾಕಾ. ಅಲ್ಲಿಯ ಜಮಾದಾರ ಬಂಗಾರದ ಹಾಗೆ ಹೊಳೆಯುವ ಹುಲಿಮುಖವನ್ನು ದೂರದಿಂದಲೇ ನೋಡಿ, ಒಳಗೆ ಯಾರೋ ಬೇಗಮರೇ ಇರಬೇಕೆಂದು ರುಮಾಲು ಕಟ್ಟಿಕೊಂಡು ಓಡಿಬಂದ. ನೆಲಕ್ಕೆ ಬಾಗಿ ಸಲಾಮು ಹಾಕಿದ. ಒಳಗಿಂದ ಉತ್ತರ ಬರದಿದ್ದಾಗ ಇನ್ನೂ ಕೆಳಗೆ ಬಾಗಿದ. ಮೇಣೆ ಇಳಿಸದೆ ಹಾಗೆಯೇ ನಿಂತ ಭೋಯಿಗಳು ಮುಖ ಬಿಗಿಹಿಡಿದರು. ಜಮಾದಾರನ ಉತ್ಸಾಹ ಏರಿ, ಸುತ್ತಲ ಹೊಲಗಳಲ್ಲಿ ಇದ್ದವರನ್ನೆಲ್ಲ ಕೂಗಿದ.

“ಬರ್‍ರೋ, ಬೇಗಮಸಾಹೇಬ್ರು ಬಂದಾರ! ಯಾರಿಗರ ಏನರ ಫಿರ್ಯಾದಿ ಇದ್ರ ಈಗೇ ಹೇಳ್ಕೋರಿ!”

ನಾಕಾಕ್ಕೆ ಹೊಂದಿದ ಹೊಲ ಕಲ್ಯಾಣಪ್ಪನದು. ಅವನು ಕುಂಟೆ ಬಿಟ್ಟು ಬಂದ. ಉಳಿದವರು ಹಿಂದೆ ಮುಂದೆ ನೋಡುತ್ತಿದ್ದಾಗ ಇವನೇ ಮುಂದೆ ಬಂದು ಕೈ ಜೋಡಿಸಿದ. ಬಹುಕಾಲ ಎದೆಯಲ್ಲಿ ಇಟ್ಟುಕೊಂಡದ್ದಕ್ಕೆ ಕಡೆಗೂ ಕೇಳುವ ಕಿವಿಯೊಂದು ಸಿಕ್ಕಿತ್ತು.

“ಸರಕಾರ, ನನ್ನ ಹೆಂಡ್ತಿ ಭಾಳ ಚಲೋ ಆಕಿರಿ. ಖರೆ, ಆ ಮೇಣಾದ ಸಾಹೇಬ್ರ ಗಾದಿ ಹೊಲಿಲಾಕ ಹತ್ತಿದಾಗಿಂದ ನನ್ನ ಕಡಿ ಲಕ್ಷ್ಯಾನೇ ಇಲ್ರಿ. ಕುಂತಲ್ಲಿ ಸೂಜಿ ಚುಚ್ಚತಾವ. ಇವತ್ತಂತೂ ರೊಟ್ಟಿ ಸುದಾ ಮಾಡದೇ ಎದ್ದು ಹೋಗ್ಯಾಳ. ಸಾಹೇಬ್ರಿಗಿ ಒಂದ್ ಮಾತ್ ಹೇಳ್ರಿ, ಸರಕಾರ.”

ಮೇಣೆಯೊಳಗಿಂದ ಮೊದಲು ಬಳೆಯ ಸದ್ದು ಕೇಳಿತು. ಆಮೇಲೆ ಪರದೆ ಉಬ್ಬಿತು. ಆಮೇಲೆ ಮಾತು ಬಂತು.

“ರೊಟ್ಟಿ ಮಾಡಿಲ್ಲಂತ ಯಾರ್ ಹೇಳ್ಯಾರ? ಬುಟ್ಟಿ ಮುಚ್ಚಳಾ ತೆಗದ ನೋಡ್ಲಾಕ ನಿಮಗ ಕೈ ಇಲ್ಲೇನ್ರಿ? ಪುಂಡಿ ಪಲ್ಯಾ ಸುದಾ ಮಾಡಿ ಇಟ್ಟ ಬಂದೀನಿ!”

ಜಮಾದಾರ ಬಾಗಿದ್ದವನು ಹಾಗೆಯೇ ಉಳಿದ. ಕಲ್ಯಾಣಪ್ಪನ ಬಾಯಿಂದ “ಶಿವ ಶಿವಾ” ಎಂಬುದಷ್ಟೇ ಹೊರಟಿತು. ಭೋಯಿಗಳು ತಡೆದಿಟ್ಟ ನಗು ಒಮ್ಮೆಲೇ ಒಡೆದು, ಹೆಗಲು ಕುಸಿದು, ಮೇಣೆ ಧಡ್ ಎಂದು ನೆಲಕ್ಕೆ ಬಿತ್ತು.

ಸಿಟ್ಟು ಮರೆತು ಕಲ್ಯಾಣಪ್ಪ ಓಡಿಹೋಗಿ ಪರದೆ ಕಿತ್ತೆಸೆದ. “ಪೆಟ್ಟ ಆಗ್ಯದೇನ? ಸೊಂಟ ನೋಡ್ಕೋ!”

ಪ್ರಯಾಗಬಾಯಿ ಕೂತಲ್ಲಿಯೇ ಕೂತಿದ್ದಳು. ಮೂಗುತಿ ಕೂಡ ಅಲುಗಿರಲಿಲ್ಲ. “ಎಲ್ಲಿ ಪೆಟ್ಟು? ನಾನೇ ಹೊಲಿದ ಗಾದಿ ಅದ.”

ಅವನು ಕೈಚಾಚಿ ಗಾದಿಯನ್ನು ಒತ್ತಿದ. ಮತ್ತೊಮ್ಮೆ ಒತ್ತಿದ. ಮೂಲೆಯಲ್ಲಿ ಒತ್ತಿ ನೋಡಿದ. “ಹತ್ತಿ ಯಾರ ಹೊಲದ್ದು?” ಎಂದು ಕೇಳಿದ.

“ಯಾರದೋ. ನಮ್ಮ ಹೊಲದ್ದ ಇದಕಿಂತ ಚಲೋ ಅದ ಅಂತ ಸಾಹೇಬ್ರಿಗಿ ನಾ ಹೇಳೀನಿ.”

ಅವನು ಮಠಕ್ಕೆ ಹೋಗಲಿಲ್ಲ. ಮರುದಿನ ಹತ್ತಿಯ ಮೂಟೆ ಹೊತ್ತು ಕಾರಖಾನೆಗೆ ಹೋದ. ನಡೆದದ್ದನ್ನು ಯಾರಿಗೂ ಹೇಳಬಾರದೆಂದು ಜಮಾದಾರ ಎಲ್ಲರಿಂದ ಭಾಷೆ ತೆಗೆದುಕೊಂಡಿದ್ದ. ಆದರೆ ಸಂಜೆಗೆ ಇಮಾಮಸಾಹೇಬರೇ ಅದನ್ನು ಪೇಟೆಯಲ್ಲಿ ಸಾರುತ್ತಿದ್ದರು. ಅಷ್ಟು ಎತ್ತರದಿಂದ ಮೇಣೆ ಬಿದ್ದರೂ ಒಳಗಿದ್ದ ಬಾಯಿಯ ಮಾತು ನಿಲ್ಲಲಿಲ್ಲ ಎಂಬುದಕ್ಕಿಂತ ದೊಡ್ಡ ಸಾಕ್ಷಿ ಗಾದಿಗೆ ಇನ್ನೇನು ಬೇಕು? ಬೇಡಿಕೆ ಬೆಳೆಯಿತು. ಕೆಲಸ ನಿಲಂಗಾದ ಓಣಿಗಳನ್ನು ದಾಟಿ ದಾಳಿಂಬದ ತವರಿನ ಅಂಗಳಗಳ ತನಕ ಹೋಯಿತು.

ವರ್ಷಗಳು ಕಳೆದ ಮೇಲೆ ಜಹಗೀರದಾರರು ಮೋಟಾರು ಕೊಂಡರು. ಮೇಣೆ ಕೇಳುವವರು ಇಲ್ಲವಾದರು. ಇಮಾಮಸಾಹೇಬರು ಬಾಗಿಲು ಹಾಕುವ ಮಾತಾಡತೊಡಗಿದಾಗ ಪ್ರಯಾಗಬಾಯಿ, “ತಡೀರಿ, ಆ ಮೋಟಾರಿನಾಗ ಕುಂತ ನೋಡ್ತೀನಿ” ಎಂದಳು. ಊರಿಗೆ ಬಂದಿದ್ದ ಒಂದು ಮೋಟಾರಿನಲ್ಲಿ ಕೂತು ಎದ್ದು ಬಂದಳು. “ಸಾಹೇಬ್ರ, ಬಾಗಲಾ ಹಾಕಬ್ಯಾಡ್ರಿ. ಅದರಾಗ ಕುಂತವ್ರ ಸೊಂಟಾ ನಮ್ಮನ್ನೇ ಹುಡಕ್ಕೊಂಡ ಬರ್ತಾವ.”

ಮೋಟಾರಿಗೆ ಹೊಸ ಗಾದಿ ಹೊಲಿದರು. ಅದನ್ನು ಪರೀಕ್ಷಿಸಲು ಹೊರಟ ದಿನ ಕಲ್ಯಾಣಪ್ಪ ತಾನೂ ಬರುತ್ತೇನೆಂದು ಮೊದಲೇ ಹತ್ತಿ ಕುಳಿತ. ಊರ ಹೊರಗೆ ಕರಿಮಣ್ಣಿನ ಕೆಸರಲ್ಲಿ ಗಾಲಿ ಹೂತು ಮೋಟಾರು ನಿಂತಿತು. ಕಲ್ಯಾಣಪ್ಪ ಇಳಿದು ಹೋಗಿ ಎತ್ತು ತಂದು ಹೂಡಿದ.

“ನೀ ಒಂದೀಟು ಇಳದ್ರ ಎತ್ತಿಗಿ ಹಗುರಾಗ್ತಿತ್ತಲ್ಲ” ಎಂದ.

“ನಾ ಇಳದ್ರ ಗಾದಿ ನೋಡೋರ್ ಯಾರ್ರಿ?” ಎಂದು ಪ್ರಯಾಗಬಾಯಿ ಇನ್ನಷ್ಟು ಆರಾಮಾಗಿ ಒರಗಿಕೊಂಡಳು.