ಇಬ್ಬರು ಮಲಕವ್ವರು, ಒಂದೇ ಮೊಬೈಲ್

ಹೆತ್ತವಳ ಕೈಗೆ ಕೂಸು ಕೊಡಲು ಕಂಪ್ಯೂಟರ್ ಒಪ್ಪಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಮಲಕವ್ವ ಇಂಡಿ ಕಡೆಯವಳು. ಮರಾಠಿ ಸೀಮೆಯ ಶೇಂದ್ರಾದಲ್ಲಿ ಏಳುತ್ತಿರುವ ಒಂದು ಕಾರ್ಖಾನೆಯ ಕಟ್ಟಡಕ್ಕೆ ಕಾಂಕ್ರೀಟ್ ಬುಟ್ಟಿ ಹೊರುತ್ತಾಳೆ. ಮಾತು ಜೋರು, ನಗು ಇನ್ನೂ ಜೋರು. ಮಧ್ಯಾಹ್ನ ಹಾಲೂಡಿಸಲು ನಮ್ಮ ಕೂಸಿನ ಮನೆಗೆ ಬಂದರೆ ಮೊದಲು ಮೊಣಕೈವರೆಗೂ ತೊಳೆದುಕೊಂಡು, ಸಿಮೆಂಟ್ ಮೆತ್ತಿದ ಸೀರೆಯ ಮೇಲೆ ಒಗೆದ ಟವೆಲ್ ಹಾಸಿ, ಆಮೇಲೆ ಮಗಳು ನೀಲಾಂಬಿಕಾಳನ್ನು ಎತ್ತಿಕೊಳ್ಳುತ್ತಾಳೆ. ನನ್ನ ಮಗಳು ಶ್ರೀಜಾಳ ವಾರಿಗೆಯ ಮಗು. ಕಾಮಗಾರಿಯ ಹೆಂಗಸರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಈ ಮನೆಯ ಮೇಲ್ವಿಚಾರಣೆ ನನ್ನದು.

ಅವಳ ದೊಡ್ಡಪ್ಪನ ಮಗಳೂ ಮಲಕವ್ವನೇ; ವಯಸ್ಸಿನಲ್ಲಿ ಅಕ್ಕ, ಇದೇ ಕಟ್ಟಡದ ಕೆಲಸಕ್ಕೆ ಬರುತ್ತಿದ್ದವಳು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡಲೇಬೇಕೆಂದು ಅಣ್ಣತಮ್ಮಂದಿರಿಬ್ಬರೂ ಇಟ್ಟಿದ್ದಾರೆ. ಅಕ್ಕ ತಂಗಿ ಇರುವುದು ಒಂದೇ ಶೆಡ್ಡಿನಲ್ಲಿ. ಎರಡೂ ಸಂಸಾರಕ್ಕೆ ಇರುವುದು ಒಂದೇ ಮೊಬೈಲ್, ತಂಗಿಯ ಗಂಡ ಯಲ್ಲಾಲಿಂಗನದು. ನೋಂದಣಿಯ ಹೊತ್ತಿಗೆ ಇಬ್ಬರೂ ಆ ನಂಬರನ್ನೇ ಹೇಳಿದ್ದಾರೆ. ಗುತ್ತಿಗೆದಾರರ ಡೇಟಾಬೇಸ್ ಜನರನ್ನು ಗುರುತಿಸುವುದೇ ಮೊಬೈಲ್ ನಂಬರಿನಿಂದ. ಎರಡನೆಯವಳು ಬಂದಾಗ ‘ಈ ಹೆಂಗಸು ಆಗಲೇ ಇದ್ದಾಳೆ’ ಎಂದಿತು. ಹೆಸರೂ ಅದೇ, ಯಾರಿಗೂ ಅನುಮಾನ ಬರಲಿಲ್ಲ. ಡೇಟಾಬೇಸಿನ ಪಟ್ಟಿಗೆ ಟೇಬಲ್ ಅನ್ನುತ್ತಾರೆ; ಅದರ ಒಂದೇ ಸಾಲಿನಲ್ಲಿ ಇಬ್ಬರು ಹೆಂಗಸರು ಉಳಿದರು.

ಮೊನ್ನೆ ಅಕ್ಕ ಹೆರಿಗೆಗೆ ಊರಿಗೆ ಹೋದಳು. ಕೆಲಸ ಬಿಟ್ಟಳೆಂದು ಆಫೀಸಿನವರು ಆ ಸಾಲನ್ನು ಅಳಿಸಿದರು. ಸಂಜೆ ತಂಗಿ ಮಗಳನ್ನು ಕರೆದೊಯ್ಯಲು ಪಾಸ್ ತೋರಿಸಿದರೆ ನಮ್ಮ ಗೇಟಿನ ಕಾವಲುಗಾರ ವೈಜನಾಥರ ಸ್ಕ್ರೀನಿನಲ್ಲಿ ಮಗು ಇದೆ, ತಾಯಿ ಇಲ್ಲ.

“ಸ್ಕ್ರೀನ್ ಮ್ಯಾಗ ಆಯೀನೇ ಇಲ್ಲ ಬಾಯಿ. ಯಾರಿಗಂತ ಕೊಡಲಿ? ನಿಯಮ ಮ್ಹಣಜೆ ನಿಯಮ.” ವೈಜನಾಥರದು ಮರಾಠಿ ಬೆರೆತ ಕನ್ನಡ.

“ನಿಮ್ಮ ಡಬ್ಬಿ ಹಡದೈತೇನ್ರಿ ಇದನ್ನ? ಹಾಲು ಸೋರಾಕತ್ತಾವ ನನಗ, ಕಣ್ಣಿಗೆ ಕಾಣಂಗಿಲ್ಲೇನು?”

ಗಲಾಟೆ ಕೇಳಿ ನಾನು ಓಡಿ ಬಂದೆ. ಅವ್ವನ ದನಿ ಕೇಳಿ ಮಗು ಒಳಗೆ ಕಿರುಚುತ್ತಿತ್ತು. ಸಾಫ್ಟ್‌ವೇರ್ ಮಾಡಿಕೊಟ್ಟ ನಾಸಿಕ್‌ನ ಹುಡುಗ ದಿಗಂತನಿಗೆ ಫೋನ್ ಹಚ್ಚಿದೆ. ನಮ್ಮಪ್ಪನ ಹೋಟೆಲ್ ಇರುವುದೂ ನಾಸಿಕ್‌ನಲ್ಲೇ; ಅದರ ಪಕ್ಕದ ಮನೆಯವನು, ನಮ್ಮ ಹಾಗೇ ಕರಾವಳಿ ಕಡೆಯವನು.

“ಅಕ್ಕಾ, ನಮ್ಮ ಟೇಬಲ್ ಸ್ಟ್ರಾಂಗ್ ಉಂಟು. ಹತ್ತು ಅಂಕೆಗೆ ಒಂದು ಕಮ್ಮಿಯಾದರೂ ನಂಬರ್ ತಗೊಳ್ಳುವುದಿಲ್ಲ.”

“ಅಂಕೆಗಳನ್ನೇನೋ ಕಾದೆ ಮಾರಾಯ, ಮನುಷ್ಯರನ್ನು ಯಾರು ಕಾಯಬೇಕು? ಒಬ್ಬೊಬ್ಬರಿಗೂ ಇನ್ನೊಬ್ಬರಿಗೆ ಸಿಗದ ಐಡಿ ಬೇಕು ಅಂತ ನಿನಗೆ ಕಾಲೇಜಿನಲ್ಲಿ ಹೇಳಿಕೊಡಲಿಲ್ಲವಾ? ಇಲ್ಲಿ ಮೊಬೈಲ್ ಆಳಿಗೊಂದಲ್ಲ, ಮನೆಗೊಂದು.”

“ಕ್ಲೈಂಟ್ ಕೇಳಿದ್ದೇ ಹಾಗೆ...”

“ಮಗುವಿನ ಸಾಲು ತಾಯಿಯ ಸಾಲನ್ನು ನೆಚ್ಚಿಕೊಂಡಿರುವಾಗ ತಾಯಿಯನ್ನು ಅಳಿಸಲು ಬಿಟ್ಟದ್ದೂ ಕ್ಲೈಂಟಾ? ಆಗುವುದಿಲ್ಲ ಅಂತ ಟೇಬಲ್ಲೇ ತಡೆಯಬೇಕಿತ್ತು.”

“ಆ ನಿರ್ಬಂಧ ಇತ್ತು ಅಕ್ಕ. ಆಫೀಸಿನವರು ಕಿರಿಕಿರಿ ಅಂದರು, ತೆಗೆದೆ. ಈಗ ಒಂದು ಕೆಲಸ ಮಾಡಿ, ಯಾವುದಾದರೂ ಹತ್ತು ಅಂಕೆ ಒತ್ತಿ ತಾಯಿಯನ್ನು ಹೊಸದಾಗಿ ಸೇರಿಸಿ. ತಗೊಳ್ತದೆ.”

ನನಗೆ ಮೈ ಉರಿದುಹೋಯಿತು. ಆ ನಂಬರ್ ಯಾರದೋ ಆಗಿರುತ್ತದೆ. ನಾಳೆ ಆ ನಂಬರಿನ ಹೆಂಗಸು ಕೆಲಸಕ್ಕೆ ಬಂದರೆ ಅವಳ ಕೂಸೂ ಹೀಗೇ ಗೇಟಿನೊಳಗೆ ಅಳಬೇಕೇ? ಹತ್ತು ಅಂಕೆ ಇದ್ದ ಮಾತ್ರಕ್ಕೆ ಸುಳ್ಳು ನಿಜವಾಗುತ್ತದೆಯೇ? ಫೋನ್ ಇಟ್ಟುಬಿಟ್ಟೆ.

“ಸ್ಕ್ರೀನ್ ಆರಿಸಿ. ನಾನು ಸಹಿ ಹಾಕುತ್ತೇನೆ” ಎಂದೆ ವೈಜನಾಥರಿಗೆ.

“ಮ್ಯಾಡಮ್, ಮ್ಯಾಲಿನವರು ಕೇಳಿದರ?”

“ನನ್ನ ಹೆಸರು ಹೇಳಿ.”

ಅಷ್ಟರಲ್ಲಿ ಆಯಾ ರೇಣವ್ವ ಕೂಸನ್ನೆತ್ತಿಕೊಂಡು ಬಂದೇಬಿಟ್ಟಳು. “ಸರೀರಿ ಯಣ್ಣಾ ಬಾಜೂಕ. ಕೂಸಿಗೆ ಅವ್ವನ ವಾಸನಿ ಬಡದೈತಿ, ಇನ್ನ ಪಾಸ್ ಯಾತಕ್ಕ?”

ಮಲಕವ್ವ ಮನೆಯವರೆಗೂ ತಡೆಯಲಿಲ್ಲ. ಗೇಟಿನ ಬುಡದಲ್ಲೇ ರಸ್ತೆಗೆ ಬೆನ್ನು ಹಾಕಿ ಕೂತು ಹಾಲೂಡಿಸಿದಳು. ಕೈ ತೊಳೆಯಲೂ ಇಲ್ಲ, ಟವೆಲ್ ಹಾಸಲೂ ಇಲ್ಲ.

ಮರುದಿನ ಬೆಳಗಿನ ಜಾವದ ಬಸ್ಸಿಗೇ ದಿಗಂತನನ್ನು ಕರೆಸಿದೆ. ಅಳಿಸಿಹೋದ ಮಲಕವ್ವನನ್ನು ಮತ್ತೆ ಸೇರಿಸಿ, ಪ್ರತಿಯೊಬ್ಬಳಿಗೂ ಬೇರೆ ಬೇರೆ ಐಡಿ ಕೊಟ್ಟ. ಒಂದೇ ಮೊಬೈಲ್ ನಂಬರ್ ಎಷ್ಟು ಜನರಿಗಾದರೂ ಇರಬಹುದೆಂದು ಬದಲಿಸಿದ. ತೆಗೆದ ನಿರ್ಬಂಧ ಮತ್ತೆ ಹಾಕಿದ. ಮಧ್ಯಾಹ್ನ ಮಲಕವ್ವ ಬಂದಾಗ ಅವಳ ಎದುರೇ ಅವಳ ಸಾಲನ್ನು ಅಳಿಸಲು ಹೇಳಿದೆ. ಟೇಬಲ್ ಒಪ್ಪಲಿಲ್ಲ. ‘ಈಕೆಯ ಮಗು ಇಲ್ಲಿದೆ, ಅಳಿಸಲಾಗದು’ ಎಂದಿತು. ಓದಿ ಹೇಳಿದೆ.

“ಇಷ್ಟೇ ಏನ ಕೆಲಸ?” ಎಂದಳು ಮಲಕವ್ವ.

“ಹೌದಮ್ಮ, ಅರ್ಧ ದಿನ ಸಾಕಾಯಿತು” ಎಂದು ದಿಗಂತ ನಕ್ಕ.

“ಮತ್ತ ಮೊದಲ ಯಾಕ ಮಾಡ್ಲಿಲ್ಲೋ ತಮ್ಮಾ?”

ಅವಳು ಮಗಳನ್ನು ರೇಣವ್ವನ ಕೈಗೆ ಕೊಡಲು ಹೋಗಿ, ಕೊಡದೆ, ಸೊಂಟದ ಮೇಲೇ ಸರಿಪಡಿಸಿಕೊಂಡಳು. “ಸಂಜಿಗೆ ಮತ್ತ ಇಲ್ಲ ಅಂದ್ರ?”

ನಾನು ಗೇಟಿನ ಹತ್ತಿರ ಕುರ್ಚಿ ಎಳೆದು ಹಾಕಿದೆ. “ಕೂತುಕೋ ದಿಗಂತ. ಎಲ್ಲ ಮಕ್ಕಳೂ ಅವರವರ ಅವ್ವಂದಿರ ಕೈ ಸೇರಿದ ಮೇಲೆ ನಾಸಿಕ್.”

“ಅಕ್ಕಾ, ಮೂರೂವರೆಯ ಬಸ್ಸು...”

“ಹೋಗಲಿ ಬಿಡು.”

ಅವನು ಕೂತ ಮೇಲೆಯೇ ಮಲಕವ್ವ ಮಗುವನ್ನು ಒಳಗೆ ಕೊಟ್ಟಳು.