ಶುಕ್ರವಾರ ಖಾಲಿ

ಈ ಬೆಳಿಗ್ಗೆ ನಗರಸಭೆಯ ಹೆಂಗಸೊಬ್ಬರು ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿ ಹೋದರು. ಎದುರು ಮನೆಯವರು ಮೂಗು ಮುಚ್ಚಿಕೊಂಡು ಬಾಗಿಲು ಹಾಕಿದರು. ನಾನು ಕಾಫಿ ಲೋಟ ಹಿಡಿದು, ಅದು ಆರಿ ತಣ್ಣಗಾಗುವವರೆಗೆ ಅಲ್ಲೇ ನಿಂತಿದ್ದೆ. ಆ ವಾಸನೆ ಮೂಗಿಗೆ ಬಡಿದರೆ ನನಗೆ ಕುದುರೆ ನೆನಪಾಗುತ್ತದೆ. ನಗಬೇಡಿ. ಕುದುರೆ ಎಂದರೆ ಲದ್ದಿ, ಬೇಯಿಸಿದ ಹುರುಳಿ, ಬೆವರಿದ ಚರ್ಮ, ಇವುಗಳ ವಾಸನೆಯೆಂದು ನನಗೂ ಗೊತ್ತು. ಇಪ್ಪತ್ತು ವರ್ಷ ಅದರಲ್ಲೇ ಉಂಡು ಮಲಗಿದವನು ನಾನು.

ನನ್ನದು ಮದುವೆ ಮೆರವಣಿಗೆಗೆ ಕುದುರೆ ಕೊಡುವ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಎರಡೆರಡು ಡಿಗ್ರಿ ಮಾಡಿದ ಮದುಮಗಂದಿರು ಕುದುರೆಯ ಬೆನ್ನು ಹತ್ತಿದ ಕೂಡಲೇ ನನ್ನ ಭುಜ ಹಿಡಿದುಕೊಂಡು, “ಅಣ್ಣಾ, ಒಸಿ ಬಿಗಿಯಾಗಿ ಹಿಡ್ಕಳಿ, ಬುಟ್ಬುಡಬೇಡಿ” ಎನ್ನುತ್ತಾರೆ. ಆ ಹೊತ್ತಿಗೆ ಅವರಿಗಿಂತ ಹೆಚ್ಚು ಓದಿದವನು ನಾನೇ.

ನಮ್ಮ ಲಾಯ ಇದ್ದದ್ದು ಚನ್ನಪಟ್ಟಣದ ರೈಲು ಹಳಿಯ ಆಚೆ. ಜಟಕಾ ಕಾಲದ ಹಂಚಿನ ಮಾಡು, ನಡುವೆ ಕಲ್ಲಿನ ನೀರುತೊಟ್ಟಿ. ಜಾಗ ಬೇರೆಯವರದು. ನಾವು ಆರು ಜನ ಬಾಡಿಗೆಗೆ ಹಿಡಿದು ಹನ್ನೊಂದು ಕುದುರೆ ಕಟ್ಟಿಕೊಂಡಿದ್ದೆವು. ಗೇಟಿನ ಪಕ್ಕ ಒಂದು ಕಪ್ಪು ಹಲಗೆ. ಯಾವ ವಾರ ಯಾವ ಊರಿನಲ್ಲಿ ಮದುವೆ, ಯಾರ ಕುದುರೆ ಹೋಗಬೇಕು ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. ‘ಭಾನುವಾರ ಕನಕಪುರ, ಗೌರಿ.’ ಗೌರಿ ನನ್ನ ಬಿಳಿ ಹೆಣ್ಣು ಕುದುರೆ. ಮದುವೆ ಇಲ್ಲದ ದಿನಕ್ಕೆ ಒಂದೇ ಮಾತು: ‘ಖಾಲಿ.’

ಎರಡು ವರ್ಷದ ಹಿಂದೆ ಆಷಾಢದ ಒಂದು ಸೋಮವಾರ ಹಲಗೆಯ ಮೇಲೆ ದುಂಡನೆಯ ಅಕ್ಷರದಲ್ಲಿ ‘ಶುಕ್ರವಾರ ಖಾಲಿ’ ಎಂದು ಬರೆದಿತ್ತು. ಕೈಬರಹ ನಮ್ಮ ಯಾರದೂ ಅಲ್ಲ. ಆದರೆ ಕೈಬರಹ ನೋಡುವ ಅಭ್ಯಾಸ ನಮಗೆಲ್ಲಿ? ಅಮೀರಣ್ಣ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಲಾಯದಲ್ಲಿ ನಮಗೆಲ್ಲ ಹಿರಿಯ ಅವನೇ. ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವನೂ ಅವನೇ.

“ಆಸಾಡದಾಗೆ ಸುಕ್ರವಾರ ಖಾಲಿ ಅಂತ ಬರ್ದವ್ನಲ್ಲ, ಯಾವ ಬುದ್ವಂತನ್ಲಾ ಇವ್ನು? ಮಿಕ್ಕಿದ್ ದಿನ ಏನ್ ಮದ್ವೆ ಸುರೀತಾ ಐತಾ?”

ಎಲ್ಲರೂ ನಕ್ಕರು. ನಾನು ಬುದ್ಧಿವಂತರಲ್ಲಿ ಬುದ್ಧಿವಂತ. ಸೀಮೆಸುಣ್ಣ ತೆಗೆದುಕೊಂಡು ಕೆಳಗೆ ಬರೆದೆ: ‘ಶನಿವಾರಾನೂ ಖಾಲಿ.’

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಜೆಸಿಬಿ ಬಂತು. ಅದರ ಹಿಂದೆ ಜಾಗದವರ ಕಡೆಯ ಒಬ್ಬ ಬೈಕಿನಲ್ಲಿ ಬಂದ. ಜಾಗ ಮಾರಾಟವಾಗಿ ತಿಂಗಳಾಗಿತ್ತಂತೆ. “ಹಿಂಗೆ ಹೇಳ್ದೆ ಕೇಳ್ದೆ ಬಂದ್ರೆ ಹೆಂಗೆ ಸ್ವಾಮಿ?” ಎಂದು ಅಮೀರಣ್ಣ ಕೇಳಿದ. ಆತ ನಿಧಾನವಾಗಿ ಹಲಗೆಯ ಕಡೆ ಕೈ ತೋರಿಸಿದ.

“ಸುಕ್ರವಾರ ಖಾಲಿ ಮಾಡ್ಬೇಕು ಅಂತ ನಾನೇ ಬರ್ದು ಹೋದೆ. ಶನಿವಾರ ಮಾಡ್ತೀವಿ ಅಂತ ನೀವೇ ಬರ್ದಿದ್ರಿ. ಆಗ್ಲಿ, ಒಂದಿನ ತಾನೆ ಅಂತ ಸುಮ್ಕಾದೊ.”

ಹನ್ನೊಂದು ಕುದುರೆಗಳೂ ನನ್ನನ್ನೇ ನೋಡಿದಂತಾಯಿತು.

ಮಧ್ಯಾಹ್ನದವರೆಗೆ ಗಡುವು ಸಿಕ್ಕಿತು. ಇಬ್ಬರು ಲಾರಿ ಹಿಡಿದು ಐದು ಕುದುರೆಗಳನ್ನು ಹಾರೋಹಳ್ಳಿಯ ಕಡೆ ಯಾರದೋ ಪರಿಚಯದ ಶೆಡ್ಡಿಗೆ ಸಾಗಿಸಿದರು. ಇನ್ನಿಬ್ಬರು ತಮ್ಮ ಕುದುರೆಗಳನ್ನು ಹಳಿಯ ಪಕ್ಕದ ಹುಣಸೆಮರಕ್ಕೆ ಕಟ್ಟಿ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತರು. ಅಮೀರಣ್ಣ ತನ್ನ ಕುದುರೆಯನ್ನು ಭಾವಮೈದನ ಬೊಂಬೆ ಕಾರ್ಖಾನೆಯ ಅಂಗಳಕ್ಕೆ ಎಳೆದ. ಅಲ್ಲಿ ಒಣಗಲು ಒಟ್ಟಿದ್ದ ಮರದ ತುಂಡುಗಳ ನಡುವೆ ಒಂದು ಕುದುರೆ ನಿಲ್ಲುವುದೇ ಹೆಚ್ಚು. ಉಳಿದವಳು ಗೌರಿ. ಅವಳಿಗೆ ದಿನ ತುಂಬಿತ್ತು. ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತ್ತು. ಹಾಗೆ ಕಂಡರೆ ಇವತ್ತೋ ನಾಳೆಯೋ ಎಂದೇ ಲೆಕ್ಕ. ಆ ಸ್ಥಿತಿಯಲ್ಲಿ ಲಾರಿ ಹತ್ತಿಸಿದರೆ ತಾಯಿ, ಮರಿ ಎರಡನ್ನೂ ಕಳೆದುಕೊಳ್ಳಬೇಕು.

“ನಿಮ್ಮಕ್ಕಂಗೆ ಒಂದ್ ಫೋನ್ ಮಾಡು” ಎಂದ ಅಮೀರಣ್ಣ.

“ಮಾಡಕ್ಕಿಲ್ಲ.”

“ನಿನ್ ಮೀಸೆ ನೋಡ್ಕಂಡು ಅದು ಮರಿ ಹಾಕದ್ ನಿಲ್ಲಿಸ್ತದಾ?”

ಇಲ್ಲಿ ಒಂದು ಹಳೆಯ ಕತೆ ಹೇಳಬೇಕು. ಅಕ್ಕ ಇರುವುದು ವಿರೂಪಾಕ್ಷಿಪುರದ ಹತ್ತಿರ. ರೇಷ್ಮೆ ಹುಳು ಸಾಕುತ್ತಾಳೆ. ಮೂರು ವರ್ಷದ ಹಿಂದಿನ ಸಂಕ್ರಾಂತಿಗೆ ನಾನು ಗೌರಿಯ ಮೇಲೆ ಕುಳಿತು ಠೀವಿಯಿಂದ ಅವಳ ಮನೆಗೆ ಹೋಗಿದ್ದೆ. ನಾನು ಉಣ್ಣುವಷ್ಟರಲ್ಲಿ ಗೌರಿ ಹಗ್ಗ ಬಿಚ್ಚಿಕೊಂಡು, ಹುಳುವಿಗೆಂದು ಕೊಯ್ದಿಟ್ಟ ಎರಡು ಕುಕ್ಕೆ ಹಿಪ್ಪುನೇರಳೆ ಸೊಪ್ಪನ್ನು ಮುಗಿಸಿದ್ದಳು. ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿದ್ದ ಹುಳುಗಳು ಅರ್ಧ ದಿನ ತಲೆಯೆತ್ತಿ ಕಾದವು. ಅಕ್ಕ ಬಯ್ದಳು. “ಇನ್ನು ನಿನ್ ಬಾಗ್ಲಿಗೆ ನನ್ ಕುದ್ರೆ ಕಾಲಿಟ್ರೆ ನನ್ ಹೆಸ್ರು ಬದ್ಲಾಯ್ಸು” ಎಂದು ಹೇಳಿ ಬಂದೆ. ಗೌರಿಯದು ತಪ್ಪಾಗಿದ್ದರೂ ಮಾತು ನನ್ನದಾಗಿತ್ತು.

ಗೌರಿ ಮುಂಗಾಲು ಕೆರೆದು, ತಿರುಗಿ ತನ್ನ ಹೊಟ್ಟೆಯನ್ನು ನೋಡಿಕೊಂಡಳು. ನಾನು ಫೋನ್ ಮಾಡಿದೆ. ಜಾಗ ಕೊಡು ಎನ್ನಲು ನಾಲಿಗೆ ಏಳಲಿಲ್ಲ.

“ಲಾಯ ಕೆಡವ್ತಾವ್ರೆ. ಗೌರಿಗೆ ದಿನ ತುಂಬೈತೆ” ಎಂದಷ್ಟೇ ಹೇಳಿದೆ.

“ಹುಳದ್ ಮನೆ ಖಾಲಿ ಐತೆ. ಹೊಡ್ಕಂಡ್ ಬಾ” ಎಂದಳು ಅಕ್ಕ.

ಮೂರು ಗಂಟೆಯ ದಾರಿ ಐದು ಗಂಟೆ ಹಿಡಿಯಿತು. ಗೌರಿ ನಿಂತಾಗ ನಾನೂ ನಿಂತೆ. ಅವಳ ಬೆವರು ಒರೆಸುತ್ತಾ ನಾನೇ ಹೆಚ್ಚು ಬೆವತೆ. ಬಸ್ಸು ಹಾರನ್ ಹೊಡೆದಾಗಲೆಲ್ಲ ಅವಳಿಗೂ ರಸ್ತೆಗೂ ನಡುವೆ ಅಡ್ಡ ನಿಂತೆ. ಮೊಪೆಡ್ಡಿನವನೊಬ್ಬ ನಿಲ್ಲಿಸಿ, “ಆಸಾಡದಾಗೆ ಯಾರ್ ಮದ್ವೆನಣ್ಣ?” ಎಂದು ಕೇಳಿದ. ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಅವತ್ತು ಹಗ್ಗ ಹಿಡಿದ ಕೈಯನ್ನಷ್ಟೇ ನೋಡಿಕೊಂಡು ನಡೆದೆ.

ಹುಳುಮನೆಯ ಬಾಗಿಲು ತೆರೆದಿತ್ತು. ಬ್ಲೀಚಿಂಗ್ ಪೌಡರಿನ ವಾಸನೆ ಗಂಟಲು ಹಿಡಿಯಿತು. ನೆಲಕ್ಕೆ ಹೊಸದಾಗಿ ಸುಣ್ಣ ಬಳಿದಿತ್ತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ತೊಳೆದು ಗೋಡೆಗೆ ಒರಗಿದ್ದವು. ನಾನೂ ಹುಳುವಿನ ಮನೆಯಲ್ಲೇ ಹುಟ್ಟಿದವನು. ಬ್ಲೀಚಿಂಗ್ ಹೊಡೆದರೆಂದರೆ ಹುಳು ಬರುವ ದಿನ ಹತ್ತಿರವಾಯಿತೆಂದು ಅರ್ಥ. ಆಮೇಲೆ ಆ ಮನೆಗೆ ಬೀಡಿ ಸೇದಿದವನನ್ನೂ ಬಿಡುವುದಿಲ್ಲ. ಅಕ್ಕ ಸೀರೆ ಸಿಕ್ಕಿಸಿಕೊಂಡು ವಾಸನೆ ತಗ್ಗಲೆಂದು ನೀರು ಎರಚಿ, ಸುಣ್ಣದ ನೆಲದ ಮೇಲೆ ರಾಗಿಹುಲ್ಲು ಹರಡುತ್ತಿದ್ದಳು.

“ನಿನ್ ಹೆಸ್ರು ಏನಂತ ಬದ್ಲಾಯ್ಸನ್ಲಾ?” ಎಂದಳು, ತಲೆಯೆತ್ತದೆ.

ನಾನು ಹುಲ್ಲು ಹರಡಲು ಕೈ ಹಾಕಿದೆ.

ಬೆಳಕು ಹರಿಯುವ ಹೊತ್ತಿಗೆ ಮರಿ ಎದ್ದು ನಿಂತಿತ್ತು. ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ. ಬಿಳಿ ಕುದುರೆಯ ಮರಿ ಹುಟ್ಟುವಾಗ ಕಪ್ಪಗಿರುತ್ತದೆ. ಅಕ್ಕನಿಗೆ ಅದು ಗೊತ್ತಿರಲಿಲ್ಲ. “ಬಿಳೀದ್ರ ಹೊಟ್ಟೇಲಿ ಈ ಇದ್ಲು ಎಲ್ಲಿತ್ಲಾ?” ಎಂದು ನಕ್ಕಳು. ಸ್ವಲ್ಪ ಹೊತ್ತಿಗೆ ಬಟ್ಟೆ ಮುಚ್ಚಿದ ತಟ್ಟೆಗಳನ್ನು ಹೇರಿಕೊಂಡ ಒಂದು ಗೂಡ್ಸ್ ಆಟೋ ಗೇಟಿನ ಹತ್ತಿರ ಬಂದು ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಏನೋ ಮಾತಾಡಿದಳು. ಆಟೋ ತಿರುಗಿಸಿಕೊಂಡು ಹೋಯಿತು. “ಯಾರೋ ದಾರಿ ಕೇಳಿದ್ರು” ಎಂದು ಹೇಳಿ ಒಳಗೆ ಹೋದಳು.

ನಾನು ಏನೂ ಕೇಳಲಿಲ್ಲ. ಎರಡು ವರ್ಷ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕೀತೆಂಬ ಭಯ. ಅಷ್ಟು ಅವಸರದಲ್ಲಿ ನಮ್ಮಿಂದ ಖಾಲಿ ಮಾಡಿಸಿದ ಆ ಜಾಗದಲ್ಲಿ ಈಗಲೂ ಬರೀ ಎಕ್ಕದ ಗಿಡ. ನಾನೂ ಅಮೀರಣ್ಣನೂ ಊರಾಚೆಯ ಒಂದು ಮಾವಿನ ತೋಪಿನಲ್ಲಿ ಶೆಡ್ಡು ಹಾಕಿಕೊಂಡಿದ್ದೇವೆ. ಹಳೆಯ ಹಲಗೆಯನ್ನು ಅಲ್ಲಿಗೇ ಹೊತ್ತು ತಂದಿದ್ದೇವೆ.

ಇವತ್ತು ಚರಂಡಿಯ ಮುಂದೆ ನಿಂತು ಕೊನೆಗೆ ಫೋನ್ ಮಾಡಿದೆ.

“ಅಕ್ಕ, ಅವತ್ತು ಹುಳದ್ ಮನೆ ನಿಜ್ವಾಗ್ಲೂ ಖಾಲಿ ಇತ್ತಾ?”

ಆ ಕಡೆ ಸೊಪ್ಪು ಕತ್ತರಿಸುವ ಸದ್ದು ನಿಂತಿತು.

“ಖಾಲಿ ಅಂತ ಹೇಳಿದ್ನಲ್ಲ.”

“ಆಟೋದೋನು?”

“ದಾರಿ ಕೇಳ್ದ, ತೋರಿಸ್ದೆ, ಹೋದ. ಏಳ್ನೇ ಕ್ಲಾಸಿಗೇ ಬುಟ್ಟೋನು, ಇವತ್ಯಾಕ್ಲಾ ಪರೀಕ್ಸೆ ಮಾಡಕ್ ಬಂದಿದ್ದೀಯಾ?” ಸೊಪ್ಪಿನ ಸದ್ದು ಮತ್ತೆ ಶುರುವಾಯಿತು. “ಈ ಬೆಳೆ ಹುಳ ಬುಧವಾರ ಹಣ್ಣಾಗಿ ಗೂಡ್ ಕಟ್ಟಕ್ ನಿಲ್ತವೆ. ಹುಳ ಆಯ್ದು ಚಂದ್ರಿಕೆಗೆ ಬುಡ್ಬೇಕು. ಕೂಲಿಯೋರು ಒಬ್ರೂ ಸಿಕ್ತಿಲ್ಲ.”

ಬಾ ಎಂದು ಅವಳು ಹೇಳಲಿಲ್ಲ.

ಶೆಡ್ಡಿಗೆ ಹೋಗಿ ಹಲಗೆಯ ಮುಂದೆ ನಿಂತೆ. ‘ಬುಧವಾರ ತಿಪ್ಪಸಂದ್ರ, ಗೌರಿ’ ಎಂದಿತ್ತು. ಅಂಗೈಯಿಂದ ‘ಗೌರಿ’ಯನ್ನು ಒರೆಸಿ, ಅಮೀರಣ್ಣನ ಕುದುರೆಯ ಹೆಸರು ಬರೆದೆ. ಅದರ ಕೆಳಗೆ ನನ್ನ ಹೆಸರು ಬರೆದು, ಪಕ್ಕದಲ್ಲಿ ‘ಖಾಲಿ’ ಎಂದು ಸೇರಿಸಿದೆ.

ಲಾಳ ಬಡಿಯುತ್ತಿದ್ದ ಅಮೀರಣ್ಣ ಎದ್ದು ಬಂದು ಓದಿದ.

“ಮದ್ವೆ ಕಾಲ್ದಾಗೆ ನೀನು ಖಾಲಿನಾ? ನಿಜ ಹೇಳ್ಲಾ.”

“ಖಾಲಿ ಅಂದ್ರೆ ಖಾಲಿ ಕಣಣ್ಣ” ಎಂದೆ.