ಟಾಪು ಹಾಕುವ ದಾವಲಸಾಬರು

ದಾವಲಸಾಬರು ಬಟ್ಟೆಗೆ ಕತ್ತರಿ ಹಾಕುವ ಮೊದಲು ಅದರ ಒಂದು ತುದಿಯನ್ನು ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಮಗುವಿನ ಜ್ವರ ನೋಡುವವರ ಹಾಗೆ. ಬಟ್ಟೆ ತಣ್ಣಗಿದ್ದರೆ ಕತ್ತರಿ ಕೆಳಗಿಟ್ಟು, "ಅರಿವಿ ಇನ್ನೂ ಎದ್ದಿಲ್ರಿ ಸರ" ಎನ್ನುತ್ತಿದ್ದರು. ಹುಬ್ಬಳ್ಳಿ ಕಡೆ ಬಟ್ಟೆಗೆ ಅರಿವಿ ಎನ್ನುತ್ತಾರೆ ಎಂಬುದು ಮೈಸೂರಿನವನಾದ ನನಗೆ ಗೊತ್ತಾಗಿದ್ದು ಮೆಲ್ಬರ್ನಿನಲ್ಲಿ.

"ಎನ್ನುತ್ತಿದ್ದರು" ಎಂದು ಬರೆದುಬಿಟ್ಟೆ. ಅವರು ಹಾಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡದ್ದು ಎರಡು ಸಲ, ಹೆಚ್ಚೆಂದರೆ ಮೂರು. ಸಂಖ್ಯಾಶಾಸ್ತ್ರ ಓದಿದವನು ಮೂರು ಸಲ ಕಂಡದ್ದನ್ನು ಅಭ್ಯಾಸ ಎಂದು ಕರೆಯಬಾರದು. ಆದರೆ ಅವರನ್ನು ನೆನೆದಾಗಲೆಲ್ಲ ಬಟ್ಟೆ ಕೆನ್ನೆಗಂಟಿಕೊಂಡೇ ಇರುತ್ತದೆ. ಹಾಗಾಗಿ ಮುಂದೆ ಬರೆಯುವುದನ್ನೂ ಓದುಗರು ಅಷ್ಟೇ ಎಚ್ಚರದಿಂದ ಓದಬೇಕು.

ಆಗ ನಾವು ಮೆಲ್ಬರ್ನಿನ ಡ್ಯಾಂಡಿನಾಂಗ್ ಹತ್ತಿರದ ಒಂದು ಸಬರ್ಬಿನಲ್ಲಿದ್ದೆವು. ಒಂದು ಹವ್ಯಾಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಹಾಕುವುದು ನನ್ನ ಜಾಯಮಾನ. ಗಿಟಾರು, ದೂರದರ್ಶಕ, ಜೇನುಪೆಟ್ಟಿಗೆ ಎಲ್ಲ ಆದಮೇಲೆ ಕಿಟ್ ಕಾರು ಬಂದಿತ್ತು. ಅದು ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬರುವ ಕಾರು, ಮನೆಯ ಗ್ಯಾರೇಜಿನಲ್ಲಿ ನಾವೇ ಜೋಡಿಸಿಕೊಳ್ಳಬೇಕು. ಮೂರು ವರ್ಷ ಹೆಣಗಿ ಜೋಡಿಸಿದೆ. ಎರಡೇ ಸೀಟು, ಓಡುತ್ತಿತ್ತು, ಮೇಲೆ ಮಾತ್ರ ಸೂರಿಲ್ಲ. ಒಂದೇ ದಿನದಲ್ಲಿ ನಾಲ್ಕು ಥರ ಹವೆ ತೋರಿಸುವ ಊರಿನಲ್ಲಿ ಬಟ್ಟೆಯ ಟಾಪಾದರೂ ಇಲ್ಲದೆ ನಾನಂತೂ ಹತ್ತುವುದಿಲ್ಲ ಎಂದು ಹೆಂಡತಿ ವಾಣಿ ಖಂಡಿತವಾಗಿ ಹೇಳಿದ್ದಳು.

ಡ್ಯಾಂಡಿನಾಂಗಿನಲ್ಲಿ ಕಾರುಗಳ ಸೀಟು, ಟಾಪು ಹೊಲಿಯುವ ಒಂದು ಅಂಗಡಿಗೆ ಹೋದೆ. ಮಾಲೀಕ ಸ್ಟಾವ್ರೋಸ್ ಫೋಟೊ ನೋಡಿಯೇ ತಲೆಯಾಡಿಸಿದ. ಮನೆಯಲ್ಲಿ ಜೋಡಿಸಿದ ಕಾರುಗಳಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಅಳತೆಗೆ ಕೂರುವುದಿಲ್ಲ, ಕೊನೆಗೆ ಬೈಗುಳ ನನಗೆ, ಅಂದ. ಹೊರಗೆ ಬಂದು ವಾಣಿಯ ಜೊತೆ ಫೋನಿನಲ್ಲಿ ಅವನನ್ನು ಕನ್ನಡದಲ್ಲಿ ಬೈಯುತ್ತಿದ್ದೆ. ಹಿಂದೆ ಹಳೆಯ ಸೀಟಿನಿಂದ ಪಿನ್ನು ಕೀಳುತ್ತ ಕೂತಿದ್ದ ಬಿಳಿ ಗಡ್ಡದವರೊಬ್ಬರು ತಲೆಯೆತ್ತಿದರು.

"ಹುಬ್ಬಳ್ಳಿ ಕಡೆಯವರೇನ್ರಿ ಸರ?"

"ಅಲ್ಲ, ಮೈಸೂರು."

"ಇರ್ಲಿ ಬಿಡ್ರಿ, ನಡೀತೈತಿ."

ಅವರೇ ದಾವಲಸಾಬರು. ಹುಬ್ಬಳ್ಳಿಯಲ್ಲಿ ಅವರದು ಕುಷನ್ ವರ್ಕ್ಸ್ ಅಂಗಡಿ. ಜೀಪುಗಳಿಗೆ ಟಾಪು ಹಾಕುವುದರಲ್ಲೇ ಕೂದಲು ಬೆಳ್ಳಗಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ನರ್ಸ್ ಆಗಿರುವ ಮಗಳ ಜೊತೆ ಇರಲು ಬಂದಿದ್ದರು. ಸ್ಟಾವ್ರೋಸ್ ಅವರಿಗೆ ಕೊಟ್ಟಿದ್ದು ಸೀಟಿನ ಹಳೆಯ ಬಟ್ಟೆ ಕೀಳುವ ಕೆಲಸ. ಇಲ್ಲಿಯ ಸರ್ಟಿಫಿಕೇಟ್ ಇಲ್ಲದವನ ಕೈಗೆ ಟಾಪು ಕೊಡುವುದಿಲ್ಲ ಎಂದಿದ್ದ. ಅವತ್ತು ದಾವಲಸಾಬರು ನನ್ನನ್ನು ನಿಲ್ಲಿಸಿಕೊಂಡೇ ಅವನ ಬಳಿ ಹೋಗಿ, ತಮ್ಮ ಹತ್ತಾರು ಇಂಗ್ಲಿಷ್ ಪದಗಳಲ್ಲಿ ಒಂದು ಒಪ್ಪಂದ ಮಾಡಿಕೊಂಡು ಬಂದರು. ನನ್ನ ಗ್ಯಾರೇಜಿನಲ್ಲಿ ಟಾಪು ಹಾಕುವುದು. ಸ್ಟಾವ್ರೋಸ್ ಬಂದು ನೀರು ಸುರಿದು ನೋಡುವುದು. ಒಂದು ಹನಿಯೂ ಒಳಗೆ ಬೀಳದಿದ್ದರೆ ಅಂಗಡಿಯ ಟಾಪು ಕೆಲಸ ಅವರದು. ಬಿದ್ದರೆ ಪಿನ್ನು ಕೀಳುತ್ತಿರುವುದು.

ಮೊದಲ ಭಾನುವಾರ ವಾಣಿಯಿಂದ ಹಳೆಯದೊಂದು ಬೆಡ್‌ಶೀಟ್ ಕೇಳಿ ಪಡೆದು, ಕಾರಿನ ಕಬ್ಬಿಣದ ಕಮಾನುಗಳ ಮೇಲೆ ಹೊದಿಸಿ ಮಾದರಿ ಕತ್ತರಿಸಿದರು. ಕಿಟ್ಟಿನ ಜೊತೆ ಬಂದಿದ್ದ ಪುಸ್ತಿಕೆಯಲ್ಲಿ ಪ್ರತಿ ಅಳತೆಯೂ ಮಿಲಿಮೀಟರಿನಲ್ಲಿದೆ ಎಂದು ತೋರಿಸಿದೆ. ಅವರು ಗೌರವದಿಂದಲೇ ಪುಟ ತಿರುಗಿಸಿ, ಚಿತ್ರಗಳು ಚೆನ್ನಾಗಿವೆ ಎಂದು ಹೊಗಳಿ, ಅದನ್ನು ಬೆಡ್‌ಶೀಟ್ ಹಾರದಂತೆ ಅದರ ಮೇಲಿಟ್ಟರು. ಆಮೇಲೆ ನಮ್ಮಿಬ್ಬರನ್ನೂ ಒಳಗೆ ಕೂರಿಸಿದರು. ಕೂರುವವರು ಕೂತ ಹೊರತು ಅವರು ಕಮಾನಿನ ಎತ್ತರ ಗೊತ್ತುಮಾಡುತ್ತಿರಲಿಲ್ಲ. ಊರಲ್ಲಿ ಜೀಪಿನ ಧಣಿಗಳು ಪಟಗಾ ಸುತ್ತಿಕೊಂಡೇ ಬಂದು ಕೂರಬೇಕಿತ್ತಂತೆ.

"ನಮ್ಮನೇಲಿ ಯಾರೂ ಪೇಟ ಸುತ್ತಲ್ಲ ಸಾಬ್ರೇ," ಅಂದಳು ವಾಣಿ.

"ನೀವು ತುರುಬು ಕಟ್ತೀರಲ್ರಿ ಅಕ್ಕಾರ. ಅದೂ ಒಳಗ ಕುಂಡ್ರಬೇಕಲ್ಲ."

ಕಮಾನು ಎರಡು ಬೆರಳು ಮೇಲೆ ಹೋಯಿತು.

ವಾರವಿಡೀ ಕೆಲಸ ಮುಗಿದ ಮೇಲೆ ಅಂಗಡಿಯ ಮೆಷಿನ್ನಿನಲ್ಲಿ ಹೊಲಿದು, ಶನಿವಾರ ಟಾಪು ತಂದರು. ಅವತ್ತು ದಕ್ಷಿಣದ ಕೊರೆಯುವ ಗಾಳಿ. ಹೊದಿಸಿ ಎಳೆದರು, ಕೆನ್ನೆಗೆ ಒತ್ತಿ ನೋಡಿದರು. ಟಾಪಿನ ಅಂಚಿಗೂ ಕಾರಿನ ಮೈಗೂ ಟಿಚ್ ಬಟನ್ ಹೊಡೆಯುವುದಷ್ಟೇ ಬಾಕಿ ಇತ್ತು. ಕಾರಿನ ಮೈಮೇಲೆ ಬಟನ್ ಬರುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿ ಸಾಮಾನು ಕಟ್ಟಿದರು.

"ಅರಿವಿ ಥಂಡಿಗೆ ಸೆಟದೈತ್ರಿ. ನಾಳೆ ಬಿಸಿಲು ಬಿದ್ದಮ್ಯಾಲೆ ಎಳದು ಹೊಡಿಯೋಣು. ಅಲ್ಲೀತನಕ ನೀವು ಕೈ ಹಚ್ಚಬ್ಯಾಡ್ರಿ."

ಅವರು ಹೋದಮೇಲೆ ಗುರುತುಗಳನ್ನು ಅಳೆದೆ. ಬಟ್ಟೆಯ ಅಂಚು ಅವುಗಳಿಗಿಂತ ಎರಡು ಬೆರಳು ಹಿಂದೆಯೇ ನಿಲ್ಲುತ್ತಿತ್ತು. ಪುಸ್ತಿಕೆಯ ಅಳತೆ ಬಟ್ಟೆಯ ಅಂಚಿಗೆ ಸರಿಯಾಗಿ ಕೂಡುತ್ತಿತ್ತು. ಇಬ್ಬರಲ್ಲಿ ಒಬ್ಬರು ತಪ್ಪು, ಅದು ಅಚ್ಚಾದ ಪುಸ್ತಿಕೆಯಂತೂ ಅಲ್ಲ ಎಂದು ತೀರ್ಮಾನಿಸಿದೆ. ನಾಳೆ ಸ್ಟಾವ್ರೋಸ್ ಎದುರು ಸಾಬರಿಗೆ ಅವಮಾನವಾಗದಿರಲಿ ಎಂಬ ಉಪಕಾರಬುದ್ಧಿ ಬೇರೆ. ಡ್ರಿಲ್ ತಂದು ಪುಸ್ತಿಕೆಯ ಪ್ರಕಾರ ತೂತು ಹೊಡೆದು, ಅಷ್ಟೂ ಟಿಚ್ ಬಟನ್ ಕೂರಿಸಿಬಿಟ್ಟೆ. ಟಾಪು ತಮಟೆಯ ಹಾಗೆ ಬಿಗಿಯಾಗಿತ್ತು.

ಭಾನುವಾರ ಸುಡುಬಿಸಿಲು. ಹನ್ನೊಂದರ ಹೊತ್ತಿಗೆ ಟಾಪು ಸಡಿಲಾಗಿ, ಕಮಾನುಗಳ ನಡುವೆ ಹೊಟ್ಟೆ ಬಿಟ್ಟುಕೊಂಡು ಜೋತುಬಿದ್ದಿತ್ತು. ಗುರುತಿನ ಆ ಎರಡು ಬೆರಳು ಬಿಸಿಲಿಗೆ ಬಟ್ಟೆ ಹಿಗ್ಗುವ ಲೆಕ್ಕ ಎಂಬುದು ಆಗ ನನಗೆ ಅರ್ಥವಾಯಿತು. ದಾವಲಸಾಬರು ಬಂದವರು ಬಟನ್‌ಗಳನ್ನು ನೋಡಿದರು, ನನ್ನನ್ನು ನೋಡಿದರು. ಬೀದಿಯಲ್ಲಿ ಸ್ಟಾವ್ರೋಸ್‌ನ ವ್ಯಾನ್ ನಿಂತ ಸದ್ದಾಯಿತು. ಅವರು ಜೇಬಿನಿಂದ ಕರವಸ್ತ್ರ ತೆಗೆದು, ನಲ್ಲಿಯಲ್ಲಿ ನೆನೆಸಿ, ತಮ್ಮ ಸೀಮೆಸುಣ್ಣದ ಗುರುತುಗಳನ್ನೆಲ್ಲ ಒಂದೊಂದಾಗಿ ಒರೆಸಿಹಾಕಿದರು. ನಾನು ಮಾಡಿದ ತಪ್ಪಿಗೆ ಅದೊಂದೇ ಸಾಕ್ಷಿ ಇತ್ತು.

ಸ್ಟಾವ್ರೋಸ್ ಹೂವಿನ ಗಿಡಕ್ಕೆ ಹಾಕುವ ಕ್ಯಾನಿನಿಂದ ನೀರು ಸುರಿದ. ನೀರು ಟಾಪಿನ ಹೊಟ್ಟೆಯಲ್ಲಿ ನಿಂತು, ಹೊಲಿಗೆಯಿಂದ ತೊಟ್ಟಿಕ್ಕಿತು. ಬಟನ್‌ಗೆ ಗುರುತು ಮಾಡಿದ್ದು ಯಾರು ಎಂದು ಕೇಳಿ, ಕ್ಯಾನನ್ನು ನನ್ನ ಕೈಗೆ ಕೊಟ್ಟ. ದಾವಲಸಾಬರು ಎದೆಯ ಮೇಲೆ ಕೈಯಿಟ್ಟು, ನಾನೇ ಎಂದರು. ಅರ್ಧ ಗಂಟೆ ಕೇಳಿದರು.

ಆ ಅರ್ಧ ಗಂಟೆಯ ಕೆಲಸವನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕಂಡಿಲ್ಲ. ಬಟನ್ ಕಿತ್ತು ಬೇರೆ ಕಡೆ ಹೊಡೆಯಬಹುದಿತ್ತು. ಹೊಸ ಗಾಡಿಯ ಮೈಗೆ ಎರಡೆರಡು ತೂತು ಬೇಡ ಎಂದರು. ತಮ್ಮ ಸೊಂಟದ ಚರ್ಮದ ಬೆಲ್ಟನ್ನೇ ಬಿಚ್ಚಿ, ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ಹಿಂದಿನ ಕಮಾನಿಗೆ ಅಂಟಿಸಿ ಸುತ್ತಿದರು. ಆಮೇಲೆ ಬಟ್ಟೆಯನ್ನು ಅದರ ಮೇಲೆ ಎಳೆದಾಗ ಸಡಿಲೆಲ್ಲ ಮೇಲೆ ಸೇರಿ ಟಾಪು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿತು. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಅವರು ಕೊನೆಯ ಬಟನ್ ಒತ್ತಿದರು. ವಾಣಿ ಒಳಗಿನಿಂದ ನನ್ನ ಬೆಲ್ಟು ತಂದು ಅವರಿಗೆ ಕೊಟ್ಟಳು. ಕೊಡುವಾಗ ನೋಡಿದ್ದು ನನ್ನನ್ನು.

ಎರಡನೆಯ ಸಲ ಸುರಿದ ನೀರು ಎರಡೂ ಪಕ್ಕಕ್ಕೆ ಜಾರಿಹೋಯಿತು. ಸ್ಟಾವ್ರೋಸ್ ಒಳಗೆ ಕೈಯಾಡಿಸಿ ಒಣಗಿರುವುದನ್ನು ಒಪ್ಪಿದ. ರಿಪೇರಿ ಭೇಷ್, ಗುರುತು ತಪ್ಪು, ಅಂದ. ಟಾಪಿನ ವಿಷಯ ಮುಂದಿನ ಬೇಸಿಗೆಗೆ ನೋಡೋಣ ಎಂದು ಹೊರಟುಹೋದ. ದಾವಲಸಾಬರು ಇನ್ನೊಂದು ವರ್ಷ ಪಿನ್ನು ಕಿತ್ತರು.

ಇಲ್ಲಿಯೇ ನನ್ನ ತೊಡಕು. ಯಾರು ಗುರುತು ಮಾಡಿದ್ದು ಎಂದು ಅವನು ಕೇಳಿದಾಗ, ಬಟನ್ ಹೊಡೆದದ್ದು ನಾನು ಎಂದು ನಾನು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನನ್ನ ದನಿ ನಡುಗಿದ್ದೂ ನೆನಪಿದೆ. ವಾಣಿಯ ನೆನಪು ಬೇರೆ. "ನೀನೆಲ್ಲಿ ಹೇಳ್ದೆ? ಆ ಕ್ಯಾನ್ ಹಿಡ್ಕೊಂಡು ಗೋಡೆ ನೋಡ್ತಾ ನಿಂತಿದ್ದೆ." ವಾಣಿಗೆ ಸುಳ್ಳು ಹೇಳಲು ಕಾರಣವಿಲ್ಲ. ನನ್ನ ನೆನಪಿಗೆ ಕಾರಣ ಧಾರಾಳವಾಗಿದೆ.

ನನಗೆ ಸಿಡ್ನಿಯಲ್ಲಿ, ವೆಸ್ಟ್‌ಮೀಡ್‌ನಲ್ಲಿ ಕೆಲಸ ಸಿಕ್ಕಿತು, ಹೋದೆವು. ಹಬ್ಬಗಳಿಗೆ ದಾವಲಸಾಬರು ಫೋನ್ ಮಾಡುತ್ತಿದ್ದರು, ನನ್ನನ್ನಲ್ಲ, ಟಾಪನ್ನು ವಿಚಾರಿಸಿಕೊಳ್ಳಲು. ಕಳೆದ ಚಳಿಗಾಲದಲ್ಲಿ ಅವರು ಹೋಗಿಬಿಟ್ಟರೆಂದು ಮಗಳ ಮೆಸೇಜ್ ಬಂತು. ಅದಕ್ಕೆ ಕೆಲವು ತಿಂಗಳ ಮೊದಲು ಅವರನ್ನು ಕಂಡದ್ದೇ ಕೊನೆ.

ಅದೇ ಕಾರಿನಲ್ಲಿ ಸಿಡ್ನಿಯಿಂದ ಡ್ಯಾಂಡಿನಾಂಗಿನ ಅಂಗಡಿಗೆ ಹೊರಟಿದ್ದೆವು. ದಾರಿಯಲ್ಲಿ ಮೂರು ಗಂಟೆ ಬಿಡದೆ ಮಳೆ. ಒಳಗೆ ಒಂದು ಹನಿ ಬೀಳಲಿಲ್ಲ. ಆ ಹೊತ್ತಿಗೆ ಅಂಗಡಿಯ ಟಾಪು ಕೆಲಸವೆಲ್ಲ ದಾವಲಸಾಬರ ಕೈಗೆ ಬಂದಿತ್ತು. ಸರ್ಟಿಫಿಕೇಟ್ ಇದ್ದವರು ಅವರನ್ನು ಕೇಳಿಕೊಂಡು ಕತ್ತರಿ ಹಾಕುತ್ತಿದ್ದರು. ವಾಣಿ ಹೊರಗೆ ಕಾರಿನ ಬಳಿ ಇದ್ದಾಗ, ತಡೆಯಲಾರದೆ ಕೇಳಿದೆ. "ಸಾಬ್ರೇ, ಆವತ್ತು ನಾನು ಬಾಯಿ ಬಿಟ್ಟೆನಾ ಇಲ್ವಾ? ನಿಜ ಹೇಳಿ."

ಅವರು ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಹೇಳಿದ್ರಲ್ರಿ ಸರ. ನಮ್ಮ ಮಾಲಕಗ ನಿಮ್ಮ ಇಂಗ್ಲಿಷ್ ತಿಳೀಲಿಲ್ಲ, ಅಷ್ಟ."

ಒದ್ದೆ ಕರವಸ್ತ್ರದಿಂದ ನನ್ನ ತಪ್ಪಿನ ಗುರುತು ಒರೆಸಿದ ಮನುಷ್ಯನ ಸಾಕ್ಷಿಯನ್ನು ಹೇಗೆ ನಂಬುವುದು? ನಾನು ನೇರವಾಗಿ ಸ್ಟಾವ್ರೋಸ್‌ನ ಗಾಜಿನ ಕ್ಯಾಬಿನ್ನಿಗೆ ಹೋದೆ. ಗುರುತು ಸರಿಯಾಗಿಯೇ ಇತ್ತು, ಅದನ್ನು ಮೀರಿ ತೂತು ಹೊಡೆದವನು ನಾನು, ಎಂದೆ. ಅವನು ಕಾಫಿ ಕೆಳಗಿಟ್ಟು, ಗಾಜಿನಾಚೆ ದಾವಲಸಾಬರನ್ನು ನೋಡಿದ. ಇದನ್ನು ಆವತ್ತೇ ಹೇಳಿದ್ದರೆ ಆ ಮನುಷ್ಯನ ಒಂದು ವರ್ಷ ಉಳಿಯುತ್ತಿತ್ತು, ಅಂದ.

ಹೊರಗೆ ಬಂದಾಗ ದಾವಲಸಾಬರು ತಲೆಯೆತ್ತಲಿಲ್ಲ. "ಹೋಗಿ ಹೇಳಿ ಬಂದ್ರೇನು? ಹುಚ್ಚರದೀರಿ ನೋಡ್ರಿ" ಎಂದು ಹೊಲಿಗೆಗೆ ಬಗ್ಗಿದರು.

ಮೊದಲ ಸಲ ಏನಾಯಿತೆಂದು ಇನ್ನು ಕೇಳಲು ದಾವಲಸಾಬರಿಲ್ಲ. ಎರಡನೆಯ ಸಲ ಹೇಳಿದ್ದು ಮಾತ್ರ ಖಚಿತ. ಕಾರಿನ ಬಳಿಯಿಂದ ಒಳಗೆ ಬಂದಿದ್ದ ವಾಣಿ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ.